ಶಾಫ್ಟಿನ ಗ್ರೀಸ್

ಶನಿವಾರ, 15 ನವೆಂಬರ್ 2025

ಸಿಗ್ನಲ್‌ನಲ್ಲಿ ನಿಂತು ಹೊರಡುವಾಗೆಲ್ಲ ಫೋರ್ ವೀಲ್ ಡ್ರೈವ್ ಗಾಡಿಯ ಅಡಿಯಿಂದ ಬರುತ್ತಿದ್ದ ‘ಟಣ್’ ಕೊನೆಗೂ ನಿಂತಿತು. ಹತ್ತು ನಿಮಿಷದ ಕೆಲಸ. ಸಮಾಧಾನವಾಗಬೇಕಿತ್ತು, ಆಗಿಲ್ಲ.

ಇಲ್ಲಿ ಗಲ್ಫಿನ ಮುಸಫ್ಫಾದ ಗ್ಯಾರೇಜಿನಲ್ಲಿ ನಮ್ಮೂರ ಕಡೆಯ ಮೆಕ್ಯಾನಿಕ್ ರುಡೊಲ್ಫ್ ಗಾಡಿ ಮೇಲೆತ್ತಿ, ಹಿಂದಿನ ಚಕ್ರಗಳ ಕಡೆ ಹೋಗುವ ಶಾಫ್ಟನ್ನು ಕೈಯಿಂದ ಅಲುಗಾಡಿಸಿ ನೋಡಿದ. ಹೆಂಡತಿ ಅಮಿತಾಳ ತಮ್ಮ ಕೀರ್ತನ್ ಮರುಭೂಮಿಗೆ ಕೊಂಡುಹೋಗಿ ಹಾಳುಮಾಡಿದ್ದು ಎಂದೆ.

“ಮರಳು ಎಂತ ಮಾಡ್ಲಿಲ್ಲ ಸರ್. ಅಡಿಗೆ ಪ್ರೆಶರ್ ವಾಶ್ ಎಷ್ಟು ಸಲ ಮಾಡಿಸ್ತೀರಿ?”

“ವಾರ ವಾರ.”

“ಅದೇ ಮಾರಾಯ್ರೆ. ಗ್ರೀಸೆಲ್ಲ ತೊಳ್ದು ಹೋಗಿದೆ. ಶಾಫ್ಟ್ ಹಿಂದೆ ಮುಂದೆ ಜಾರ್ಬೇಕಲ್ಲ, ಒಣಗಿ ಹಿಡ್ಕೊಳ್ತದೆ. ಬಿಟ್ಟಾಗ ಟಣ್!”

ಮಲ್ಪೆಯಲ್ಲಿ ಅಪ್ಪನ ಗಾಡಿ ಉಪ್ಪುಗಾಳಿಗೆ ತುಕ್ಕು ಹಿಡಿದು ಹೋದದ್ದನ್ನು ಕಂಡವನು ನಾನು. ತೊಳೆದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ.

ಕಳೆದ ತಿಂಗಳು ನೆಂಟರೆಲ್ಲರ ಎದುರು ಕೀರ್ತನ್‌ಗೆ ಬೈದಿದ್ದೆ. ಅವನು “ಒಮ್ಮೆ ಗ್ರೀಸ್ ಹೊಡೆಸಿ ನೋಡಿ ಭಾವ” ಎಂದಷ್ಟೇ ಹೇಳಿ, ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ಮತ್ತೆ ಮನೆಗೆ ಬಂದಿಲ್ಲ.

ಸಂಜೆ ಅವನಿಗೆ ಮೆಸೇಜ್ ಹಾಕಿದೆ, ಗಾಡಿ ಸರಿಯಾಯಿತು ಎಂದು. ಕೂಡಲೇ ಉತ್ತರ ಬಂತು: “ಖುಷಿಯಾಯ್ತು ಭಾವ. ಎಂತ ಆಗಿತ್ತಂತೆ?”

ಗ್ರೀಸ್ ಎಂಬ ಒಂದು ಪದ ಬರೆದರೆ ಸಾಕು. ಈವರೆಗೆ ನಾಲ್ಕು ಸಲ ಬರೆದು ಅಳಿಸಿದ್ದೇನೆ. ನಾನು ಟೈಪ್ ಮಾಡುವುದು, ನಿಲ್ಲಿಸುವುದು, ಎಲ್ಲವೂ ಅಲ್ಲಿ ಅವನಿಗೆ ಕಾಣುತ್ತಿರುತ್ತದೆ.