ಚೈನ್ ಕೇಸಿನಲ್ಲಿ ನೀನು ತುಂಬಿಸಿದ ಎಣ್ಣೆ

ಪ್ರೀತಿಯ ಅಪ್ಪಾ,

ಸಿಂಗಪುರದ ಉಬಿಯಲ್ಲಿದ್ದ ನಿನ್ನ ವರ್ಕ್‌ಶಾಪಿಗೆ ಆ ಸ್ನೋಮೊಬೈಲ್ ಮೊದಲ ಸಲ ಬಂದ ದಿನ ನೆನಪಿದೆಯಾ? ಹೊರಗೆ ಬೆವರಿಳಿಸುವ ಬಿಸಿಲು, ಒಳಗೆ ಹಿಮದ ಮೇಲೆ ಓಡುವ ಗಾಡಿ. ನೀನು ಅದರ ಸುತ್ತ ಒಂದು ಸುತ್ತು ಹಾಕಿ, "ಇದಕ್ಕ ಗಾಲೀನ ಇಲ್ಲಲ್ಲವ್ವಾ" ಅಂದಿದ್ದೆ. ಮಕ್ಕಳು ಆಡಲು ಬರುವ ಕೃತಕ ಹಿಮದ ಸ್ನೋ ಹಾಲ್‌ನಲ್ಲಿ ಬೆಳಿಗ್ಗೆ ಹಿಮ ಸಮ ಮಾಡಲು ಇದ್ದದ್ದು ಅದೊಂದೇ ಗಾಡಿ. ಗದಗದಿಂದ ಬಂದು ಸಿಂಗಪುರದಲ್ಲಿ ಹಿಮದ ಗಾಡಿ ರಿಪೇರಿ ಮಾಡಿದವನು ನೀನೊಬ್ಬನೇ ಇರಬೇಕು.

ಆಯುಧಪೂಜೆಗೆ ನಿಂಬೆಹಣ್ಣು ಎಲ್ಲಿಡೋದು ಅಂತ ನೀನು ಎಷ್ಟು ತಲೆ ಕೆಡಿಸಿಕೊಂಡಿದ್ದೆ! ಕೊನೆಗೆ ಹಿಂದಿನ ಸಂಜೆಯೇ ಹಾಲ್‌ಗೆ ಹೋಗಿ, ಗಾಲಿಯ ಬದಲಿಗಿರುವ ರಬ್ಬರ್ ಪಟ್ಟಿಯ ಕೆಳಗೆ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಹಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು. ಗಾಡಿ ಅದರ ಮೇಲೆ ಹತ್ತಿ ಜಾರಿ ಹಿಮದ ಗುಡ್ಡೆಗೆ ಮೂತಿ ತೂರಿಸಿತು. ಹಾಲ್ ನೋಡಿಕೊಳ್ಳುವ ಲಿಮ್ ಅಂಕಲ್, "ಯುವರ್ ಲೆಮನ್ ವೆರಿ ಸ್ಟ್ರಾಂಗ್ ಲಾ" ಅಂತ ನಕ್ಕರು. ಮರುವರ್ಷದಿಂದ ಹಣ್ಣನ್ನು ನಿನ್ನ ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗೆ ಇಟ್ಟುಕೊಂಡು ಹೋಗುತ್ತಿದ್ದೆ.

ಪೂಜೆಗೆ ಮುಂಚಿನ ಶನಿವಾರ ಅದರ ಚೈನ್ ಕೇಸ್ ಸರ್ವಿಸ್. ಎಂಜಿನ್ನಿನ ಓಟವನ್ನು ಪಟ್ಟಿಗೆ ಮುಟ್ಟಿಸುವ ಚೈನು ಎಣ್ಣೆಯಲ್ಲಿ ಮುಳುಗಿ ಕೂತಿರುವ ಡಬ್ಬ ಅದು. ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುವ ಗತ್ತಿನಲ್ಲಿ ನಾನು ಚೈನ್ ಬಿಗಿ ಮಾಡುವ ಬೋಲ್ಟಿಗೆ ಎಷ್ಟು ಬಲ, ಟಾರ್ಕ್ ಎಷ್ಟಪ್ಪಾ ಅಂತ ಕೇಳಿದರೆ, "ಬೆರಳಿಗೆ ಬಿಗಿ ಆಗೋತನಕ ತಿರುಗಿಸು, ಆಮ್ಯಾಲ ತುಸು ಹಿಂದಕ್ಕ ಬಿಡು. ಅದಕ್ಕೂ ಉಸಿರಾಡಾಕ ಜಾಗಾ ಬೇಕು" ಅನ್ನುತ್ತಿದ್ದೆ. ಮ್ಯಾನ್ಯುಯಲ್‌ನಲ್ಲೂ ಅದೇ ಇತ್ತು. ಓದಿಕೊಂಡು ಬಂದು ನಿನ್ನದೇ ಅನ್ನೋ ಹಾಗೆ ಹೇಳುತ್ತಿದ್ದೆಯಲ್ಲ, ಕಳ್ಳ.

ಹೋದ ವರ್ಷ ಪೂಜೆಯ ಹೊತ್ತಿಗೆ ನೀನಿರಲಿಲ್ಲ. ಸರ್ವಿಸ್ ತಪ್ಪಿತು. ಈ ಸಲ ಲಿಮ್ ಅಂಕಲ್ ಫೋನ್ ಮಾಡಿ, ಚೈನ್ ಕೇಸ್ ಗರಗರ ಅನ್ನುತ್ತಿದೆ, ಸರಿಹೋಗದಿದ್ದರೆ ಗಾಡಿ ಗುಜರಿಗೆ ಅಂದರು. ಉಬಿಗೆ ತರಿಸಿದೆ. ಮೊದಲು ಹಳೇ ಎಣ್ಣೆ ಇಳಿಸಬೇಕು, ಅಷ್ಟೇ. ಆದರೆ ಒಳಗಿದ್ದದ್ದು ನೀನು ಕೊನೆಯ ಸಲ ತುಂಬಿಸಿದ ಎಣ್ಣೆ. ಸ್ಪ್ಯಾನರ್ ಹಾಕಿ ಹಾಗೇ ನಿಂತುಬಿಟ್ಟೆ. ಇದನ್ನೂ ಚೆಲ್ಲಿದರೆ ನೀನು ಮಾಡಿಟ್ಟದ್ದು ಅಂತ ಇನ್ನೇನು...

ರೊಟ್ಟಿ ಡಬ್ಬಿ ತಂದಿದ್ದ ಅಮ್ಮ ಅದನ್ನು ಬೆಂಚಿನ ಮೇಲಿಟ್ಟಳು. "ಅವರು ವರ್ಷಾ ವರ್ಷಾ ಚೆಲ್ತಿದ್ರು. ಒಮ್ಮೀನೂ ಅತ್ತಿದ್ದು ನಾ ನೋಡಿಲ್ಲ. ಬಿಚ್ಚು" ಅಂದಳು.

ಬಿಚ್ಚಿದೆ. ಎಣ್ಣೆ ಕಪ್ಪಗೆ ಇಳಿಯಿತು, ನಾನು ಚೆನ್ನಾಗಿ ಅತ್ತೆ. ಎಣ್ಣೆ ಇಳಿಸುವ ಬಿರಡೆಯ ಮ್ಯಾಗ್ನೆಟ್ಟಿಗೆ ಬೂದಿಯಂಥ ಪುಡಿ ಬಿಟ್ಟರೆ ಒಂದು ಚೂರೂ ಲೋಹ ಅಂಟಿರಲಿಲ್ಲ. ಚೈನು ಓಡುವ ಚಕ್ರದ ಹಲ್ಲುಗಳೆಲ್ಲ ನೆಟ್ಟಗಿದ್ದವು, ಚೈನು ಸಡಿಲವಾಗಿತ್ತು ಅಷ್ಟೇ. ಬೆರಳಿಗೆ ಬಿಗಿ ಮಾಡಿ, ತುಸು ಹಿಂದಕ್ಕೆ ಬಿಟ್ಟು, ಹೊಸ ಎಣ್ಣೆ ತುಂಬಿಸಿದೆ. ಸದ್ದು ನಿಂತಿತು.

ಪೂಜೆಯ ದಿನ, ಚಳಿ ಅಂದರೆ ಮಾರು ದೂರ ಓಡುವ ನಿನ್ನ ಹೆಂಡತಿ ನಿನ್ನ ಜಾಕೆಟ್ ಹಾಕಿಕೊಂಡು ಹಾಲ್ ಒಳಗೆ ಬಂದಳು ಗೊತ್ತಾ? ಗಾಡಿಗೆ ವಿಭೂತಿ ಹಚ್ಚಿ, ಒಳಜೇಬಿನಿಂದ ನಿಂಬೆಹಣ್ಣು ತೆಗೆದು ತಾನೇ ಪಟ್ಟಿಯ ಕೆಳಗಿಟ್ಟಳು. ನಾನು ಗಾಡಿ ಬಿಟ್ಟೆ. ಹಣ್ಣು ಪಚಕ್ಕನೆ ಒಡೆಯಿತು. ಲಿಮ್ ಅಂಕಲ್ ಚಪ್ಪಾಳೆ ತಟ್ಟಿದರು. ಗಾಡಿ ಗುಜರಿಗೆ ಹೋಗುವುದಿಲ್ಲವಂತೆ.

ಮುಂದಿನ ವರ್ಷ ನಾನು ತುಂಬಿಸಿದ ಎಣ್ಣೆ ಚೆಲ್ಲಬೇಕು. ಚೆಲ್ಲುತ್ತೇನೆ ಅಪ್ಪಾ.

ನಿನ್ನ ಮಗಳು,
ಗೌರಿ