ಹೊಸ್ತಿಲ ಬಳಿ ಸೋತ ವಾಕರ್

ಬೆಟಗೇರಿ, ೧೨-೩-೧೯೮೪

ಪ್ರೊಫೆಸರ್ ಮಾರ್ತಾಂಡರಾಯರಿಗೆ ದ್ಯಾಮಪ್ಪನ ನಮಸ್ಕಾರಗಳು.

ನಿಮ್ಮ ಕಾಲೇಜಿನ ನಕ್ಷೆಗೆ ನನ್ನ ವರ್ಕ್‌ಶಾಪಿನ ಪೈಪು ಸೇರಿಸಿ ಮಾಡಿದ, ಮುದುಕರು ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರಿಗೆ ಈವರೆಗಿನ ದೊಡ್ಡ ಖರ್ಚು ನಮ್ಮವ್ವನ ಸೊಂಟದ ಎಲುಬು. ಕಾಲೇಜಿನ ಸಪಾಟು ನೆಲದ ಮೇಲೆ ಅದು ಚೆನ್ನಾಗಿಯೇ ನಡೆಯಿತು. ನಮ್ಮ ಮನೆಯಲ್ಲಿ ಪೂಜೆ ಮಾಡಿದ ಎತ್ತರದ ಹೊಸ್ತಿಲಿದೆ. ಅದರ ಮೇಲೆ ವಾಕರಿನ ಕಾಲು ಊರಬಾರದೆಂದು ಅವ್ವ ಇಡೀ ವಾಕರನ್ನೇ ಎತ್ತಿ ದಾಟಿಸಲು ಹೋಗಿ ಬಿದ್ದಳು.

"ಹೊಸ್ತಿಲಾ ತುಳಿಯೂದು ಹೆಂಗಪಾ? ನಿಮ್ಮ ಸಾಹೇಬರ ಮನ್ಯಾಗ ಬಾಗಿಲಾನ ಇಲ್ಲೇನು?" ಎಂದು ಕೇಳುತ್ತಾಳೆ.

ಬರುವ ಸೋಮವಾರ ದವಾಖಾನೆಗೆ ನೂರು ವಾಕರ್ ಕಳಿಸಿರೆಂದು ಬರೆದಿದ್ದೀರಿ. ಲಾರಿಯನ್ನು ನಾನು ತಡೆದಿದ್ದೇನೆ. ಮೊದಲು ಬಂದು ನಮ್ಮ ಹೊಸ್ತಿಲು ನೋಡಿ ನಕ್ಷೆ ತಿದ್ದಿರಿ. ಬರದಿದ್ದರೆ ದವಾಖಾನೆಯ ದೊಡ್ಡ ಡಾಕ್ಟರಿಗೆ ನಾನೇ ಎಲ್ಲವನ್ನೂ ತಿಳಿಸುತ್ತೇನೆ.

ಸದ್ಯಕ್ಕೆ ಈ ನಕ್ಷೆಗಾಗಿ ನಿಮಗೆ ಬಹುಮಾನ ಬಂದಿದೆ, ನನಗೆ ಆರ್ಡರ್ ಬಂದಿದೆ. ಅವ್ವನ ಪಾಲಿಗೆ ಬಂದದ್ದು ಹಾಸಿಗೆ.

ನಿಮ್ಮ ದಾರಿ ಕಾಯುತ್ತಿರುವ,
ದ್ಯಾಮಪ್ಪ