ಕಂಬಗಳ ನಡುವಿನ ಬೆಟ್ಟ

ಕಟ್ಟಡ ಸಮಿತಿಯ ಅಧ್ಯಕ್ಷರಾದ ಫ್ಲೂರಿನ್ ಅವರಿಗೆ,

ನನ್ನ ಮನೆಯ ಕೆಳಗಿನ ಹುಲ್ಲುಗಾವಲನ್ನು ವಸತಿ ವಲಯ ಮಾಡಿ ನಿವೇಶನ ಹಂಚುವುದರ ವಿರುದ್ಧ ನಾನು ಕೊಟ್ಟ ನಾಲ್ಕು ಪುಟದ ಆಕ್ಷೇಪಣೆ ನಿಮ್ಮ ಮೇಜಿನ ಮೇಲಿರಬೇಕು. ನೀರು, ದಾರಿ, ಹಸುಗಳ ಮೇವು ಎಂದೆಲ್ಲ ಬರೆದಿದ್ದೆ. ಬೆಟ್ಟದ ಮಾತು ಎತ್ತಿರಲಿಲ್ಲ.

ನಿಯಮದಂತೆ, ಬರಲಿರುವ ಮನೆಗಳ ಎತ್ತರ ಅಗಲ ಊರಿಗೆಲ್ಲ ಕಾಣಲೆಂದು ಸೋಮವಾರ ನಿಮ್ಮವರು ಬಂದು ಒಂದೊಂದು ಮನೆಯ ಮೂಲೆ ಮೂಲೆಗೂ ಕಂಬ ನೆಟ್ಟರು.

"ಒಂದು ತಿಂಗಳು ಇರ್ತವೆ ಮಡ್ಲೇನಾ ಅತ್ತೆ. ಚೆನ್ನಾಗಿ ನೋಡ್ಕೊಂಡು ಆಮೇಲೆ ಬೈದ್ರಾಯ್ತು," ಎಂದು ಬಡಗಿ ಜಿಯಾಚೆನ್ ನಕ್ಕ.

"ಬೈಯೋಕೆ ತಿಂಗಳು ಯಾಕೋ, ಈಗ್ಲೇ ಬೈತೀನಿ," ಎಂದು ಬಾಗಿಲು ಹಾಕಿಕೊಂಡೆ.

ಇವತ್ತು ಬೆಳಿಗ್ಗೆ ಕಣಿವೆಯ ತುಂಬ ಮಂಜು. ಹುಲ್ಲುಗಾವಲು, ರಸ್ತೆ, ಕೆಳಗಿನ ಊರಿನ ಚರ್ಚಿನ ಗೋಪುರ ಯಾವುದೂ ಕಾಣಲಿಲ್ಲ. ಕಂಬಗಳು ಮಾತ್ರ ಮಂಜಿನಿಂದ ಮೇಲೆದ್ದು ನಿಂತಿದ್ದವು, ಗೋಡೆಯಿಲ್ಲದ ಹನ್ನೊಂದು ಮನೆಗಳು. ಬಿಸಿಲು ಬಿತ್ತು. ಮೂರನೆಯ ಮನೆಯ ಎರಡು ಕಂಬಗಳ ನಡುವೆ, ಅಳೆದು ಇಟ್ಟಂತೆ, ಬೆಟ್ಟ. ಮೂವತ್ತೊಂದು ವರ್ಷದ ಹಿಂದೆ ನನ್ನ ಗಂಡ ರೇಟೊ ಹತ್ತಿಹೋಗಿ ಇನ್ನೂ ಇಳಿಯದ ಬೆಟ್ಟ. ದಿನಾ ನೋಡಿದ್ದೇನೆ, ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದೂ ತಿಳಿಯಲಿಲ್ಲ.

ಆಕ್ಷೇಪಣೆ ಹಿಂತೆಗೆದುಕೊಂಡಿದ್ದೇನೆ. ಆ ಮನೆ ಎದ್ದ ಮೇಲೆ ನನಗೆ ಬೆಟ್ಟ ಕಾಣುವುದಿಲ್ಲ, ಅದು ಗೊತ್ತು. ಒಂದೇ ಕೋರಿಕೆ: ಆ ಮನೆಗೆ ಬೆಟ್ಟದ ಕಡೆ ಬರೀ ಗೋಡೆ ಬೇಡ, ದೊಡ್ಡ ಕಿಟಕಿ ಇಡಿಸಿ. ಅಲ್ಲಿಗೆ ಬರುವವರಿಗೆ ಏನೂ ಹೇಳಬೇಕಾಗಿಲ್ಲ. ಇನ್ನು ಅವರು ನೋಡುತ್ತಿರಲಿ. ಇಷ್ಟು ವರ್ಷ ನಾನೊಬ್ಬಳೇ ನೋಡಿದೆ.

ಇಂತಿ,
ಮಡ್ಲೇನಾ ಕಪಾವುಲ್
ಮೇಲಿನ ಮನೆ